ಬಡ್ಡಿ ಇಳಿಯಿತಂತೆ, ಯಾರಿಗೆ?

ಗೆಳೆಯರೇ, ಧಣಿಯ ಸಾಲಕ್ಕೆ ಬಡ್ಡಿ ಎಷ್ಟೆಂದು ನಮ್ಮ ತಾತಂದಿರು ಕೇಳುವಂತಿರಲಿಲ್ಲ. ಹೆಬ್ಬೆಟ್ಟೊತ್ತಿ ಜೀತಕ್ಕೆ ಹೋದರು. ಅಕ್ಷರ ಕಲಿತ ನಾವೂ ಗ್ರಾಮೀಣ ಬ್ಯಾಂಕಿನ ಓದಿನ ಸಾಲಕ್ಕೆ ಕೇಳದೇ ಸಹಿ ಹಾಕ್ತಿದ್ದೀವಲ್ಲ!

2025ರಲ್ಲಿ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ. 6.50ರಿಂದ 5.25ಕ್ಕೆ ಇಳಿಸಿತು. ಅಷ್ಟೇ ನಮಗೂ ಇಳಿದರೆ ಲಕ್ಷ ರೂಪಾಯಿ ಸಾಲಕ್ಕೆ ವರ್ಷಕ್ಕೆ 1,250 ರೂಪಾಯಿ ಉಳೀತದೆ. ಅವ್ವನ ಎಷ್ಟು ದಿನದ ಕೂಲಿ ಅದು? ಆದರೆ ಬದಲಾಗುವ ಬಡ್ಡಿಯ ಹೊಸ ಸಾಲಗಳನ್ನು ಇಂಥ ಹೊರಗಿನ ದರಕ್ಕೆ ಕಟ್ಟಿದ 2019ರ ಆದೇಶ ಗ್ರಾಮೀಣ ಬ್ಯಾಂಕುಗಳನ್ನೇ ಹೊರಗಿಟ್ಟಿತು. ಹಳ್ಳಿಯ ಬಡವರಿಗೆಂದೇ 1975ರಲ್ಲಿ ಹುಟ್ಟಿಸಿದ ಬ್ಯಾಂಕುಗಳಂತೆ ಇವು! ಪ್ಯಾಟೆಯವನಿಗೆ ಕಟ್ಟಳೆ, ನಮಗೆ ಮರ್ಜಿ.

ಒಬ್ಬೊಬ್ಬರೇ ಬೇಡ, ಹಾಸ್ಟೆಲಿನವರೆಲ್ಲ ಒಟ್ಟಿಗೆ ಕೌಂಟರಿಗೆ ಹೋಗೋಣ. ನಮ್ಮ ಬಡ್ಡಿ ಸ್ಥಿರವೋ, ಬದಲಾಗುವುದೋ? ಇಳಿದಿದ್ದರೆ ಯಾವ ತಾರೀಖಿನಿಂದ? ಬಾಯಿಮಾತು ಬೇಡ, ಬರೆದುಕೊಡಲಿ.