ತಿಳಮಾತಿಗೆ ರೋಡ್ ಬೇಡ, ಲೈಟ್ ಅಂತೂ ಬೇಡವೇ ಬೇಡ

1/7
ಕಾರವಾರದ ತಿಳಮಾತಿ ಬೀಚ್ ಬಗ್ಗೆ ಯಾರೇ ರೀಲ್ ಹಾಕಲಿ, ಕೆಳಗೆ ಅದೇ ಕಾಮೆಂಟ್: "ಜಾಗ ಸೂಪರ್, ಆದ್ರೆ ಬೀಚ್ ತನಕ ರೋಡಿಲ್ಲ, ಮೆಟ್ಟಿಲಿಲ್ಲ, ಲೈಟಿಲ್ಲ. ಸರ್ಕಾರ ಏನ್ ಮಾಡ್ತಿದೆ?" ನಾನು ಹೇಳೋದು, ಇಲ್ಲಿ ಸರ್ಕಾರ ಏನೂ ಮಾಡದೇ ಇರೋದೇ ದೊಡ್ಡ ಉಪಕಾರ. ಪೂರ್ತಿ ಓದಿ, ಆಮೇಲೆ ಬೈಯಿರಿ.

2/7
ಗೊತ್ತಿಲ್ಲದವರಿಗೆ: ಊರಿಂದ ಗೋವಾ ಕಡೆ ಹೊರಟರೆ ಮಾಜಾಳಿ. ಅಲ್ಲಿಂದ ಗುಡ್ಡ, ಬಂಡೆ ದಾಟಿ ನಡೆದರೆ ತಿಳಮಾತಿ. ಮಾಜಾಳಿಯಲ್ಲಿ ಮಾಮೂಲಿ ಹೊಂಬಣ್ಣದ ಮರಳು, ಗುಡ್ಡದ ಆಚೆ ಕರಿಎಳ್ಳು ಚೆಲ್ಲಿದ ಹಾಗೆ ಕಪ್ಪು ಮರಳು. ಹೆಸರು ಬಂದಿದ್ದೂ ಅದರಿಂದಲೇ, ತಿಳ ಅಂದ್ರೆ ಎಳ್ಳು, ಮಾತಿ ಅಂದ್ರೆ ಮಣ್ಣು. ದಾರಿ ಕಷ್ಟ, ನಿಜ. ಆದ್ರೆ ಆ ಕಷ್ಟವೇ ಆ ಜಾಗದ ಬೇಲಿ. ಬೇಲಿ ಕಿತ್ತು ಹಾಕಿ ತೋಟ ಉಳೀಬೇಕು ಅಂದ್ರೆ ಹೇಗೆ?

3/7
ಬೇಲಿ ಒಳಗೆ ಯಾರಿದ್ದಾರೆ ನೋಡಿ. ಬಂಡೆಗಂಟಿದ ನೀಲಿಕಲ್ಲು, ಕಾಲಿನ ಸದ್ದಿಗೆ ಬಿಲ ಸೇರೋ ಏಡಿಗಳು. ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದು. ಅದು ವರ್ಷವರ್ಷ ಅದೇ ಗೂಡನ್ನ ರಿಪೇರಿ ಮಾಡ್ಕೊಂಡು ಬಾಳೋ ಹಕ್ಕಿ, ಗೂಡಿನ ಹತ್ರ ಗಲಾಟೆ ಆದ್ರೆ ಮೊಟ್ಟೆ ಬಿಟ್ಟು ಹೋಗಬಹುದು. ನಿಮ್ಮ ಡ್ರೋನ್ ಅದಕ್ಕೆ "ಏರಿಯಲ್ ಶಾಟ್" ಅಲ್ಲ, ಶತ್ರು. ಕಾಳಿ ನದಿ ಕಡಲು ಸೇರೋ ಕಡೆ ಹಂಪ್‌ಬ್ಯಾಕ್ ಡಾಲ್ಫಿನ್‌ಗಳೂ ಇವೆ.

4/7
ಈಗ ಲೈಟ್ ವಿಷಯ. ಚಳಿಗಾಲ ಶುರುವಾದ ಮೇಲೆ ಮಾಜಾಳಿ, ದೇವಬಾಗ ತೀರಕ್ಕೆ ಆಲಿವ್ ರಿಡ್ಲೆ ಆಮೆಗಳು ರಾತ್ರಿ ಬಂದು ಮೊಟ್ಟೆ ಇಡ್ತವೆ. ಒಂದು ಗೂಡಲ್ಲಿ ಸುಮಾರು 100 ಮೊಟ್ಟೆ, ಮರಿ ಬರೋಕೆ 45ರಿಂದ 60 ದಿನ. ಮರಿಗೆ ಸಮುದ್ರ ಎಲ್ಲಿದೆ ಅಂತ ಯಾರೂ ಹೇಳ್ಕೊಡಲ್ಲ. ಬೆಳಕಿರೋ ಕಡೆ ಓಡುತ್ತೆ ಅಷ್ಟೇ. ಕತ್ತಲ ತೀರದಲ್ಲಿ ಬೆಳಕು ಅಂದ್ರೆ ನೀರಿನ ಮೇಲಿನ ಆಕಾಶ. ಹೈಮಾಸ್ಟ್ ದೀಪ ಹಾಕಿದ್ರೆ ಬೆಳಕು ಅಂದ್ರೆ ರೋಡು. ಅಲ್ಲಿ ನಾಯಿ, ಕಾಗೆ, ಟಯರು. ಈ ಆಮೆಗೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲಿನ ರಕ್ಷಣೆ ಇದೆ. ಕಾನೂನು ಕಾಯೋದನ್ನ ಒಂದು ದೀಪದ ಕಂಬ ಕೊಲ್ಲುತ್ತೆ.

5/7
"ಹಾಗಾದ್ರೆ ವಯಸ್ಸಾದವರು, ವೀಲ್‌ಚೇರಲ್ಲಿ ಇರೋರು ಕಡಲು ನೋಡಬಾರದಾ?" ಇದು ನ್ಯಾಯವಾದ ಪ್ರಶ್ನೆ. ನೋಡಬೇಕು. ಊರ ಮಧ್ಯೆಯೇ ಟ್ಯಾಗೋರ್ ಬೀಚ್ ಇದೆ, ಹೆದ್ದಾರಿ ಪಕ್ಕದಲ್ಲೇ. ರ‍್ಯಾಂಪ್, ಬೆಂಚು, ಸ್ವಚ್ಛ ಶೌಚಾಲಯ, ಎಲ್ಲಾ ಅಲ್ಲಿ ಕೇಳೋಣ, ನಾನೂ ಸಹಿ ಹಾಕ್ತೀನಿ. ಆದ್ರೆ ಅಜ್ಜಿ ಹೆಸರು ಹೇಳಿ ರೋಡ್ ಕೇಳೋರಲ್ಲಿ ಎಷ್ಟು ಜನ ಅಜ್ಜಿನ ಕರ್ಕೊಂಡು ಹೋಗ್ತಾರೆ? ರೋಡ್ ಬಂದ ದಿನ ಮೊದಲು ಇಳಿಯೋದು ಸ್ಪೀಕರ್ ಕಟ್ಟಿದ ಜೀಪು.

6/7
ಇನ್ನೊಂದು ವಾದ: "ಟೂರಿಸಂ ಬಂದ್ರೆ ಊರಿಗೆ ದುಡ್ಡು." ನಾವು ಬಿಕಾಂನವರು, ಎರಡೂ ಕಡೆ ಎಂಟ್ರಿ ಹಾಕೋಣ. ಸೀಬರ್ಡ್ ನೌಕಾನೆಲೆಗೆ ಬಿಣಗಾ, ಅರಗಾ ಕಡೆಯ ತೀರ ಆಗಲೇ ಹೋಯ್ತು. ಉಳಿದ ತೀರದಲ್ಲೇ ಮೀನುಗಾರರ ದೋಣಿ, ಬಲೆ, ಬದುಕು. ರೆಸಾರ್ಟ್ ಬಂದ್ರೆ ಲಾಭ ಯಾವ ಊರಿನ ಬ್ಯಾಂಕಿಗೆ? ಅದೇ ಮಾಜಾಳಿಯ ಹುಡುಗನೊಬ್ಬ ದಾರಿ ತೋರಿಸಿದ್ರೆ, ಅವರ ಮನೆಯಲ್ಲಿ ಮೀನೂಟ ಮಾಡಿದ್ರೆ, ದುಡ್ಡು ಅಲ್ಲೇ ಉಳಿಯುತ್ತೆ. ರೋಡ್ ಇಲ್ಲದಿದ್ರೇನೇ ದಾರಿ ತೋರಿಸೋನಿಗೆ ಕೆಲಸ.

7/7
ಹೋಗಬೇಡಿ ಅಂತಿಲ್ಲ. ಹೋಗಿ, ನಡೆದೇ ಹೋಗಿ. ಮಳೆಗಾಲದಲ್ಲಿ ಬೇಡ, ಬಂಡೆ ಪಾಚಿಗೆ ಜಾರುತ್ತೆ. ಉಬ್ಬರ ಇಳಿತದ ಹೊತ್ತು ಮೀನುಗಾರರನ್ನ ಕೇಳಿ ಹೊರಡಿ, ಸಂಜೆ ಬೆಳಕಿರೋವಾಗಲೇ ವಾಪಸ್ ಬನ್ನಿ. ಕಪ್ಪು ಮರಳನ್ನ ಬಾಟಲಿಗೆ ತುಂಬಬೇಡಿ, ಬಾಟಲಿನ ಮರಳಲ್ಲಿ ಬಿಡಬೇಡಿ. ಮುಂದಿನ ಸಲ "ಸರ್ಕಾರ ಏನ್ ಮಾಡ್ತಿದೆ" ಅಂತ ಯಾರಾದ್ರೂ ಬರೆದ್ರೆ ಈ ಪೋಸ್ಟ್ ಟ್ಯಾಗ್ ಮಾಡಿ. ಒಪ್ಪಲ್ಲ ಅನ್ನೋರು ಕಾರಣ ಸಮೇತ ಕಾಮೆಂಟ್ ಹಾಕಿ, ಜಗಳ ಆಡೋಣ.

#ತಿಳಮಾತಿ #ಕಾರವಾರ #ಕತ್ತಲುಬೇಕು #ನಡೆದೇಹೋಗಿ