ಮಕ್ಕಳ ಕೈಯಲ್ಲೊಂದು ನಕಾಶೆ

ಮಡಿಸಿದ ಒಂದು ಹಾಳೆ ಕಾಗದವನ್ನು ಕುರಿತು ಸ್ಮರಣ ಸಂಚಿಕೆಯಲ್ಲಿ ಲೇಖನ ಬರೆಯಬೇಕೇ ಎಂದು ವಾಚಕರಲ್ಲಿ ಕೆಲವರು ಶಂಕಿಸಬಹುದು. ಕಟ್ಟಡ, ಗ್ರಂಥಾಲಯ, ಪ್ರಯೋಗಾಲಯಗಳೇ ಇಂತಹ ಪುಟಗಳಲ್ಲಿ ಚರ್ಚೆಗೆ ಯೋಗ್ಯವಾದ ವಿಷಯಗಳೆಂಬುದು ರೂಢಿ. ಆದರೆ ಪ್ರತಿವರ್ಷ ಚಳಿಗಾಲದಲ್ಲಿ ನಮ್ಮ ಶಾಲೆಗಳಿಂದ ಬಸ್ಸುಗಳು ವಿಜಯಪುರಕ್ಕೂ ಬಾದಾಮಿಗೂ ಹಂಪೆಗೂ ಹೊರಡುತ್ತವೆ. ಅದರಲ್ಲಿ ಕುಳಿತ ಮಕ್ಕಳಲ್ಲಿ ಅನೇಕರಿಗೆ ಅದು ಬಾಲ್ಯದ ಏಕಮಾತ್ರ ಪ್ರವಾಸ. ಅವರ ತಂದೆತಾಯಿಗಳಲ್ಲಿ ಎಷ್ಟೋ ಜನ ಆ ಸ್ಥಳಗಳನ್ನು ಕಣ್ಣಾರೆ ಕಂಡವರಲ್ಲ. ರಾತ್ರಿ ಮನೆ ಸೇರಿದ ಮಗು ಅಜ್ಜಿಯ ಮುಂದೆ ಹರಡಿ ತೋರಿಸಬಹುದಾದದ್ದು ಅಲ್ಲಿಂದ ತಂದ ಮಾಹಿತಿಪತ್ರವೊಂದನ್ನೇ. ಆ ಹಾಳೆ ಮಗುವಿಗೇ ಅರ್ಥವಾಗದಿದ್ದರೆ ಅದು ಬಸ್ಸಿನ ಆಸನದ ಕೆಳಗೇ ಉಳಿಯುತ್ತದೆ; ಪ್ರವಾಸದ ಅರ್ಧ ಫಲವೂ ಅದರೊಡನೆ ಅಲ್ಲಿಯೇ ಉಳಿಯುತ್ತದೆ.

ಪ್ರೇಕ್ಷಣೀಯ ಸ್ಥಳಗಳಲ್ಲಿ ದೊರೆಯುವ ಸಾಮಾನ್ಯ ಮಾಹಿತಿಪತ್ರವೊಂದನ್ನು ತೆರೆದು ನೋಡಿರಿ. ರಾಜವಂಶದ ಹೆಸರು, ಆಳ್ವಿಕೆಯ ಕಾಲ, ಉದ್ದಗಲಗಳ ಲೆಕ್ಕ, ಕೊನೆಯಲ್ಲಿ ವಸತಿಗೃಹಗಳ ವಿವರ. ಮಕ್ಕಳಿಗಾಗಿ ಎಂದು ಹೇಳಿಕೊಳ್ಳುವ ಪತ್ರವಾದರೆ ಅಂಚಿನಲ್ಲಿ ನಗುವ ಮೊಲವೊಂದನ್ನು ಸೇರಿಸಿರುತ್ತಾರೆ. ಒಳಗಿನ ಮಾತು ಮಾತ್ರ ಯಥಾಪ್ರಕಾರ. ಮೊಲ ಮಕ್ಕಳನ್ನು ಮೋಸಗೊಳಿಸಲಾರದು. ಮಗುವಿಗೆ ಬೇಕಾದುದು ಅಲಂಕಾರವಲ್ಲ, ಕೆಲಸ. ಹುಡುಕುವ, ಎಣಿಸುವ, ಅಳೆಯುವ, ದಾರಿ ತೋರಿಸುವ ಕೆಲಸವನ್ನು ಅದಕ್ಕೆ ಒಪ್ಪಿಸುವ ಹಾಳೆಯೇ ಮಕ್ಕಳ ಹಾಳೆ ಎಂಬುದು ನನ್ನ ಅಭಿಪ್ರಾಯ.

ಗೋಳಗುಮ್ಮಟವನ್ನೇ ತೆಗೆದುಕೊಳ್ಳೋಣ. 1656ರಲ್ಲಿ ನಿಧನನಾದ ಮುಹಮ್ಮದ್ ಆದಿಲಶಾಹನ ಸಮಾಧಿಯಿದು, ಒಳಸಭಾಂಗಣದ ಒಂದೊಂದು ಬದಿಯೂ ಸುಮಾರು 41 ಮೀಟರು ಎಂದು ಬರೆದರೆ ಅದು ಸತ್ಯ. ಆದರೆ ಹತ್ತು ವರ್ಷದ ಮಗುವಿಗೆ 41 ಮೀಟರಿನ ಕಲ್ಪನೆ ಎಲ್ಲಿಂದ ಬರಬೇಕು? ಅದರ ಬದಲಾಗಿ, ನಿಮ್ಮ ತರಗತಿಯ ಎಷ್ಟು ಜನ ಕೈಚಾಚಿ ಬೆರಳಿಗೆ ಬೆರಳು ತಗುಲಿಸಿ ನಿಂತರೆ ಈ ಗೋಡೆಯ ಉದ್ದವಾಗುತ್ತದೆ ಎಂದು ಕೇಳಲಿ. ಸುಮಾರು ಮೂವತ್ತು ಮಕ್ಕಳು ಬೇಕಾಗುತ್ತಾರೆ, ಅಂದರೆ ಒಂದು ತರಗತಿಯೇ ಬೇಕು. ಆ ಅಳತೆಯನ್ನು ಯಾವ ಮಗುವೂ ಮರೆಯಲಾರದು. ಏಳು ಅಂತಸ್ತು ಹತ್ತಿ ಪಿಸುಮಾತಿನ ಮೊಗಸಾಲೆಗೆ ಬಂದ ಮಕ್ಕಳೆಲ್ಲರೂ ಏಕಕಾಲಕ್ಕೆ ಕೂಗುವುದರಿಂದ ಗದ್ದಲವಲ್ಲದೆ ಬೇರೇನೂ ಕೇಳಿಸುವುದಿಲ್ಲ. ಗದರಿಸುವುದಕ್ಕಿಂತ ಹಾಳೆಯಲ್ಲಿ ಎರಡು ಸಾಲು ಬರೆಯುವುದು ಲೇಸು: ಒಬ್ಬರು ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಗೆಳೆಯನ ಹೆಸರು ಹೇಳಿರಿ, ಎದುರು ಬದಿಯ ಗೆಳೆಯನು ಗೋಡೆಗೆ ಕಿವಿ ಹಚ್ಚಿ ಕೇಳಲಿ. ದುಂಡು ಗೋಡೆಯ ಮೈಗುಂಟ ಸದ್ದು ಹೇಗೆ ಸಾಗುತ್ತದೆಂಬುದನ್ನು ಶಿಕ್ಷಕರು ಕೆಳಗಿಳಿದ ಮೇಲೆ ವಿವರಿಸಬಹುದು.

ಬಾದಾಮಿಯಂತೂ ಇಂತಹ ಕೆಲಸಕ್ಕೆ ಹೇಳಿಮಾಡಿಸಿದ ಸ್ಥಳ. ಮೊದಲನೆಯ ಗುಹೆಯ ದ್ವಾರಪಾಲಕನ ಕೆಳಗೆ ಒಂದೇ ತಲೆಗೆ ಎರಡು ಒಡಲುಗಳನ್ನು ಕೂಡಿಸಿದ ಶಿಲ್ಪವಿದೆ. ಒಂದು ಒಡಲನ್ನು ಅಂಗೈಯಿಂದ ಮರೆಮಾಡಿ ನೋಡಿದರೆ ಆನೆ, ಇನ್ನೊಂದನ್ನು ಮರೆಮಾಡಿದರೆ ಗೂಳಿ. ಅದೇ ಗುಹೆಯ ನಟರಾಜನಿಗೆ ಹದಿನೆಂಟು ಕೈಗಳಿವೆಯೆಂದು ಮಾಹಿತಿಪತ್ರಗಳು ಮೊದಲೇ ಹೇಳಿಬಿಡುತ್ತವೆ. ಹೀಗೆ ಮಗುವಿನ ಎಣಿಕೆಯ ಸುಖವನ್ನು ಕಸಿದುಕೊಳ್ಳುವುದೇಕೆ? ಎಷ್ಟು ಕೈಗಳು ಎಂದಷ್ಟೇ ಕೇಳಿ, ಉತ್ತರವನ್ನು ಹಿಂಬದಿಯಲ್ಲಿ ತಲೆಕೆಳಗಾಗಿ ಅಚ್ಚು ಹಾಕಿದರೆ ಸಾಕು. ತಲೆಕೆಳಗಿನ ಮಾತು ಬಂದುದರಿಂದ ಹಂಪೆಯೂ ನೆನಪಾಗುತ್ತದೆ. ವಿರೂಪಾಕ್ಷ ದೇವಾಲಯದಲ್ಲಿ ಕಿರುಗಿಂಡಿಯ ಮೂಲಕ ಗೋಪುರದ ಛಾಯೆ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುವುದನ್ನು ಹುಡುಕಿಸುವ ಹಾಳೆಯು ಬೆಳಕಿನ ಪಾಠವನ್ನೇ ಕಲಿಸಿದಂತಾಗುತ್ತದೆ.

ಇನ್ನು ನಕಾಶೆಯ ಮಾತು. 1914ರಲ್ಲಿ ಮ್ಯಾಕ್‌ಡೊನಾಲ್ಡ್ ಗಿಲ್ ಎಂಬ ಕಲಾವಿದನು ಲಂಡನ್ನಿನ ಭೂಗತ ರೈಲಿನ ನಿಲ್ದಾಣಗಳಿಗಾಗಿ ಬರೆದ ನಗರದ ನಕಾಶೆಯಲ್ಲಿ ಬೀದಿಬೀದಿಯ ಜನರು ವಿನೋದದ ಮಾತುಗಳನ್ನಾಡುತ್ತಾರೆ. ಅದರ ಮುಂದೆ ನಿಂತವರಿಗೆ ಓದಿದಷ್ಟೂ ಹೊಸದು ದೊರೆಯುತ್ತದೆ. 1933ರಲ್ಲಿ ಹ್ಯಾರಿ ಬೆಕ್ ಎಂಬುವನು ಅದೇ ರೈಲಿಗೆ ಮಾಡಿಕೊಟ್ಟ ನಕಾಶೆಯಾದರೋ ದೂರದ ನಿಜವಾದ ಅಳತೆಯನ್ನೇ ಕೈಬಿಟ್ಟು, ನೇರ ಗೆರೆಗಳಲ್ಲಿ ನಿಲ್ದಾಣಗಳ ಕ್ರಮವನ್ನು ಮಾತ್ರ ಉಳಿಸಿತು. ಮಕ್ಕಳ ನಕಾಶೆಗೆ ಗಿಲ್ಲನ ತುಂಟತನವೂ ಬೇಕು, ಬೆಕ್ಕನ ತ್ಯಾಗವೂ ಬೇಕು.

ನಕಾಶೆಯ ಮೇಲ್ತುದಿಗೆ ಉತ್ತರ ದಿಕ್ಕೇ ಇರಬೇಕೆಂದು ಭೂಗೋಳದ ಶಿಕ್ಷಕರು ಪಟ್ಟು ಹಿಡಿಯುತ್ತಾರೆ. ಅವರ ಕ್ಷಮೆ ಕೋರಿ ಹೇಳುತ್ತೇನೆ: ಹೆಬ್ಬಾಗಿಲು ಹಾಳೆಯ ಕೆಳತುದಿಯಲ್ಲಿರಲಿ. ಬಾಗಿಲಲ್ಲಿ ನಿಂತ ಮಗುವಿಗೆ ಮುಂದೆ ಕಾಣುವುದು ಕಾಗದದಲ್ಲಿಯೂ ಮುಂದೆ ಕಾಣಬೇಕು. ಉತ್ತರವನ್ನು ಬಾಣದ ಗುರುತಿನಿಂದ ಸೂಚಿಸಬಹುದು. ಮಲಿಕ್-ಎ-ಮೈದಾನ ತೋಪನ್ನು ಏಳನೆಯ ಅಂಕಿಯಿಂದ ಗುರುತಿಸುವ ಬದಲು, ಅದರ ಬಾಯಲ್ಲಿರುವ ಆನೆಯನ್ನು ಕಚ್ಚಿದ ಸಿಂಹದ ಮುಖವನ್ನೇ ಬರೆಯಬೇಕು. ಕುಡಿಯುವ ನೀರು, ಶೌಚಾಲಯ, ಊಟಕ್ಕೆ ಕೂಡುವ ನೆರಳು ಎಲ್ಲಿವೆಯೆಂದು ತಿಳಿಸಬೇಕು. ಗುಂಪಿನಿಂದ ತಪ್ಪಿಸಿಕೊಂಡ ಮಗು ಬಂದು ನಿಲ್ಲಬೇಕಾದ ಒಂದು ಮರವನ್ನೋ ಕಟ್ಟೆಯನ್ನೋ ಎಲ್ಲಕ್ಕಿಂತ ದೊಡ್ಡದಾಗಿ ತೋರಿಸಬೇಕು.

ಮುದ್ರಣದ ವಿಷಯದಲ್ಲಿ ಒಂದೆರಡು ಮಾತು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಕೂಡುವುದರಿಂದ ಸಾಲುಗಳ ನಡುವೆ ಧಾರಾಳ ಸ್ಥಳ ಬಿಡಬೇಕು. ಆಂಗ್ಲ ಹಾಳೆಯ ಅಳತೆಯಲ್ಲಿಯೇ ಕನ್ನಡವನ್ನು ತುರುಕಿದರೆ ಅಕ್ಷರಗಳು ಒಂದನ್ನೊಂದು ತುಳಿಯುತ್ತವೆ. ಕೆಂಪು ಹಸಿರುಗಳ ಭೇದ ಕಾಣದ ಹುಡುಗರೂ ಇರುವುದರಿಂದ ದಾರಿಗಳನ್ನು ಬಣ್ಣದಿಂದ ಮಾತ್ರ ಬೇರ್ಪಡಿಸದೆ ಒಂದನ್ನು ಚುಕ್ಕೆಗೆರೆಯಾಗಿಸಬೇಕು. ಎಲ್ಲವನ್ನೂ ಮೊಬೈಲಿನಲ್ಲಿ ಒದಗಿಸಿದರಾಯಿತು, ಕಾಗದವೇಕೆ ಎನ್ನುವವರು ಈಗ ಬಹಳ. ಫೋನು ಶಿಕ್ಷಕರ ಕೈಯಲ್ಲಿರುತ್ತದೆ, ಕಾಗದ ಮಗುವಿನ ಕೈಯಲ್ಲಿ. ದಾರಿ ತೋರುವ ಅಧಿಕಾರವೂ ಹಾಳೆಯೊಡನೆ ಕೈ ಬದಲಾಯಿಸುತ್ತದೆ.

ಇದಕ್ಕಾಗಿ ಸರಕಾರದ ಇಲಾಖೆಗಳನ್ನು ಕಾಯಬೇಕಾಗಿಲ್ಲ. ಕಳೆದ ಸಲ ಹೋಗಿಬಂದ ಮಕ್ಕಳು ತಮಗೆ ನೆನಪಿದ್ದುದನ್ನು ಬರೆಯಲಿ. ಅವರು ಮರೆತುದನ್ನು ನಕಾಶೆಯೂ ಬಿಟ್ಟುಬಿಡಬಹುದು. ಚಿತ್ರಕಲೆಯ ಶಿಕ್ಷಕರು ತಿದ್ದಲಿ. ಅಚ್ಚುಕೂಟ ನಡೆಸುತ್ತಿರುವ ಹಳೆಯ ವಿದ್ಯಾರ್ಥಿಗಳು ಮುದ್ರಣಕ್ಕೆ ನೆರವಾಗಲಿ. ಒಂದು ವರ್ಷದ ಕಾಗದದ ವೆಚ್ಚವು ದಾನಿಗಳಿಗೆ ಭಾರವಾಗದು. ಆದರೆ ಅಚ್ಚಿಗೆ ಕೊಡುವ ಮೊದಲು, ಆ ಸ್ಥಳವನ್ನು ಎಂದೂ ಕಾಣದ ನಾಲ್ಕನೆಯ ತರಗತಿಯ ಮಗುವೊಂದರ ಕೈಗೆ ಹೆಬ್ಬಾಗಿಲಲ್ಲಿ ಕರಡು ಹಾಳೆಯನ್ನು ಕೊಟ್ಟು ಶಿಕ್ಷಕರು ಹತ್ತು ಹೆಜ್ಜೆ ಹಿಂದೆ ನಡೆಯಬೇಕು. ಮಗು ಎಲ್ಲಿ ನಿಂತು ಅತ್ತಿತ್ತ ನೋಡುವುದೋ ಅಲ್ಲಿ ನಕಾಶೆಯ ಮೇಲೆ ಕೆಂಪು ಗುರುತು ಹಾಕಿಕೊಂಡು ಬಂದರೆ, ತಿದ್ದಬೇಕಾದುದು ಎಲ್ಲಿದೆಯೆಂದು ತಿಳಿಯುತ್ತದೆ.