ಚೆಂಡು ಮಗುವಿನ ಕೈಯಲ್ಲೇ ಇದೆ

ಆಟದ ಪೀರಿಯಡ್‌ನಲ್ಲಿ ಎಲ್ಲರ ಚೀಲ, ನೀರಿನ ಬಾಟಲಿ ಕಾಯುವ ಕೆಲಸ ಸಾಮಾನ್ಯವಾಗಿ ಯಾರ ಪಾಲಿಗೆ ಬರುತ್ತದೆ? ಕಲಿಕೆಯಲ್ಲಿ ನಿಧಾನವಿರುವ ಮಗುವಿಗೆ, ಕೈಕಾಲು ಹೇಳಿದಂತೆ ಕೇಳದ ಮಗುವಿಗೆ, ಗದ್ದಲವೆಂದರೆ ಕಿವಿ ಮುಚ್ಚಿಕೊಳ್ಳುವ ಮಗುವಿಗೆ. ಪಿ.ಟಿ. ಮೇಷ್ಟ್ರಿಗೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ‘ಪಾಪ, ಎಲ್ಲಾದರೂ ಬಿದ್ದರೆ ಏನು ಗತಿ’ ಎಂಬ ಅಂಜಿಕೆ. ಮನೆಯಲ್ಲಿ ತಾಯಿಗೂ ಅದೇ ಅಂಜಿಕೆ. ಹೀಗೆ ಎರಡು ಕಡೆಯ ಕರುಣೆಯ ನಡುವೆ ಮಗು ಬೇರೆಯವರ ಆಟ ನೋಡುತ್ತಲೇ ಹತ್ತನೆಯ ತರಗತಿ ಮುಟ್ಟುತ್ತದೆ.

ಇಂಥ ಮಕ್ಕಳಿಗೆ ಟೆನಿಸ್ ಹೇಳಿಕೊಡುವವರು ಇಲ್ಲದಿಲ್ಲ. ಆದರೆ ಅವರಲ್ಲೂ ಹಲವರು ಮೊದಲು ಫೋರ್‌ಹ್ಯಾಂಡ್, ಆಮೇಲೆ ಬ್ಯಾಕ್‌ಹ್ಯಾಂಡ್, ಸರ್ವ್ ಕಟ್ಟಕಡೆಗೆ ಎನ್ನುತ್ತಾರೆ. ಸರ್ವ್ ಕಷ್ಟ, ನಿಜ. ಒಂದು ಕೈ ಚೆಂಡನ್ನು ಮೇಲಕ್ಕೆ ಬಿಡುತ್ತಿರುವಾಗಲೇ ಇನ್ನೊಂದು ಕೈ ರ‍್ಯಾಕೆಟ್ಟನ್ನು ತಲೆಯ ಹಿಂದಕ್ಕೆ ಒಯ್ಯಬೇಕು. ಎರಡು ಕೈಗೆ ಎರಡು ಕೆಲಸ. ಆದರೂ ಸರ್ವ್‌ಗಾಗಿ ಕೊನೆಯವರೆಗೆ ಕಾಯಬೇಕಾಗಿಲ್ಲ. ಟೆನಿಸ್‌ನ ಉಳಿದ ಹೊಡೆತಗಳಲ್ಲೆಲ್ಲ ಎದುರಾಳಿಯ ಚೆಂಡು ಯಾವಾಗ, ಎಷ್ಟು ವೇಗವಾಗಿ ಬರುತ್ತದೋ ಅದಕ್ಕೆ ತಕ್ಕಂತೆ ಓಡಬೇಕು. ಸರ್ವ್ ಒಂದರಲ್ಲಿ ಮಾತ್ರ ಚೆಂಡು ಮಗುವಿನ ಕೈಯಲ್ಲೇ ಇರುತ್ತದೆ. ದಿನವಿಡೀ ‘ಬೇಗ, ಬೇಗ’ ಎನ್ನಿಸಿಕೊಳ್ಳುವ ಮಗುವಿಗಾಗಿ ಎದುರಿನವರು ಕಾದು ನಿಲ್ಲುವ ಗಳಿಗೆ ಅದು. ದೊಡ್ಡ ಪಂದ್ಯಗಳಲ್ಲಿ ಒಂದು ಪಾಯಿಂಟ್ ಮುಗಿದ ಮೇಲೆ ಮುಂದಿನ ಸರ್ವ್‌ಗೆ 25 ಸೆಕೆಂಡುಗಳ ಮಿತಿಯುಂಟು. ಶಾಲೆಯ ಅಂಗಳದಲ್ಲಿ ಆ ಗಡಿಯಾರವೂ ಇಲ್ಲ.

ಟೆನಿಸ್ ನಿಯಮಗಳು ಈ ವಿಷಯದಲ್ಲಿ ಜನ ತಿಳಿದಿರುವುದಕ್ಕಿಂತ ಉದಾರ. ಮೊದಲ ಸರ್ವ್ ತಪ್ಪಿದರೆ ಇನ್ನೊಂದು ಚೆಂಡು ಇದ್ದೇ ಇದೆ. ಪೂರಕ ಪರೀಕ್ಷೆಗಾದರೂ ಕೆಲವು ವಾರ ಕಾಯಬೇಕು. ಇಲ್ಲಿ ಎರಡನೆಯ ಅವಕಾಶ ಆ ಕ್ಷಣವೇ! ಒಂದೇ ಕೈ ಬಳಸಬಲ್ಲ ಆಟಗಾರ ಚೆಂಡನ್ನು ರ‍್ಯಾಕೆಟ್ಟಿನಿಂದಲೇ ಮೇಲೆ ಹಾರಿಸಬಹುದೆಂದು ನಿಯಮ ಪುಸ್ತಕ ಸ್ಪಷ್ಟವಾಗಿ ಹೇಳುತ್ತದೆ. ಗಾಲಿಕುರ್ಚಿ ಟೆನಿಸ್‌ನಲ್ಲಿ ಕೈಗಳಿಗೂ ತೊಂದರೆಯಿರುವ ವರ್ಗದ ಆಟಗಾರನಿಗೆ ಬೇರೆಯವರು ಚೆಂಡು ಬಿಟ್ಟುಕೊಡಬಹುದು. ಅದು ನೆಲಕ್ಕೆ ಪುಟಿದ ಮೇಲೆ ಆತ ಹೊಡೆಯಬಹುದು. ಇನ್ನು ಕೈಯನ್ನು ತಲೆಯ ಮೇಲೆತ್ತಿಯೇ ಸರ್ವ್ ಮಾಡಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ. 1989ರ ಫ್ರೆಂಚ್ ಓಪನ್‌ನಲ್ಲಿ ಸ್ನಾಯು ಸೆಳೆತದಿಂದ ನರಳುತ್ತಿದ್ದ 17ರ ಹುಡುಗ ಮೈಕೆಲ್ ಚಾಂಗ್, ವಿಶ್ವದ ಅಗ್ರಮಾನ್ಯ ಇವಾನ್ ಲೆಂಡ್ಲ್ ವಿರುದ್ಧ ಐದನೆಯ ಸೆಟ್‌ನಲ್ಲಿ ಸೊಂಟದ ಕೆಳಗಿನಿಂದ ಚೆಂಡನ್ನು ತಳ್ಳಿ ಸರ್ವ್ ಮಾಡಿದ. ಆ ಪಾಯಿಂಟ್, ಆ ಪಂದ್ಯ, ಕೊನೆಗೆ ಪ್ರಶಸ್ತಿ ಎಲ್ಲವೂ ಅವನದಾಯಿತು. ಮಗು ಕೆಳಗಿನಿಂದ ಸರ್ವ್ ಮಾಡಿದರೆ ನಗುವವರಿಗೆ ಈ ಕಥೆ ಹೇಳಬಹುದು.

ಕಲಿಸುವುದು ಹೇಗೆ? ರ‍್ಯಾಕೆಟ್ಟನ್ನು ಮೊದಲು ಬದಿಗಿಡಿ. ಸರ್ವ್ ಎಂದರೆ ಮೂಲತಃ ಎಸೆತವೇ. ಕಲ್ಲೆಸೆದು ಹುಣಸೆಕಾಯಿ ಉದುರಿಸುವ ಹುಡುಗನಿಗೆ ಅರ್ಧ ಸರ್ವ್ ಆಗಲೇ ಬಂದಿರುತ್ತದೆ. ಉಂಡೆ ಕಟ್ಟಿದ ಕಾಲುಚೀಲವನ್ನು ತಲೆಯ ಮೇಲಿನಿಂದ ನೆಟ್‌ನಾಚೆ ಎಸೆಯುವುದು ಮೊದಲ ಪಾಠ. ಎರಡನೆಯದಕ್ಕೆ ಒಂದು ಮರದ ಕೊಂಬೆ ಸಾಕು. ಹಳೆಯ ಕಾಲುಚೀಲದಲ್ಲಿ ಚೆಂಡು ಹಾಕಿ, ಮಗು ರ‍್ಯಾಕೆಟ್ ಹಿಡಿದು ಕೈ ಪೂರ್ತಿ ಚಾಚಿದರೆ ಎಟುಕುವ ಎತ್ತರಕ್ಕೆ ಇಳಿಬಿಡಿ. ಚೆಂಡು ಕದಲದೆ ನಿಂತಿರುತ್ತದೆ. ಹೊಡೆಯುವುದಷ್ಟೇ ಮಗುವಿನ ಕೆಲಸ.

ವಿಶೇಷ ಶಿಕ್ಷಕರಿಗೆ ಚೆನ್ನಾಗಿ ಗೊತ್ತಿರುವ ಒಂದು ಉಪಾಯ ಇಲ್ಲಿ ಬಹಳ ಉಪಯುಕ್ತ. ಅಂಗಿಯ ಗುಂಡಿ ಹಾಕಲು ಕಲಿಸುವಾಗ ತಾಯಿ ಎಲ್ಲ ಗುಂಡಿಗಳನ್ನೂ ತಾನೇ ಹಾಕಿ ಕೊನೆಯ ಗುಂಡಿಯೊಂದನ್ನು ಮಗುವಿಗೆ ಬಿಡುತ್ತಾಳೆ. ಕೆಲಸ ಮುಗಿಸಿದ ಖುಷಿ ಮಗುವಿನದು. ಮರುವಾರ ಎರಡು ಗುಂಡಿ. ಸರ್ವ್‌ನಲ್ಲೂ ಹಾಗೆಯೇ ಕೊನೆಯಿಂದ ಹಿಂದಕ್ಕೆ ಬನ್ನಿ. ಮೊದಲು ರ‍್ಯಾಕೆಟ್ ಆಗಲೇ ಭುಜದ ಹಿಂದೆ ಇರಲಿ, ಚೆಂಡನ್ನು ಶಿಕ್ಷಕರೇ ಮೇಲೆ ಬಿಡಲಿ, ಮಗು ಹೊಡೆಯಲಿ. ಅದು ಪಳಗಿದ ಮೇಲೆ ರ‍್ಯಾಕೆಟ್ ಎತ್ತುವುದು. ಚೆಂಡು ಹಾರಿಸುವುದು ಎಲ್ಲಕ್ಕಿಂತ ಕಡೆಗೆ, ಏಕೆಂದರೆ ಅತಿ ಕಠಿಣವಾದದ್ದು ಅದೇ. ಅದನ್ನು ಬೇರೆಯಾಗಿ ಅಭ್ಯಾಸ ಮಾಡಿಸಬೇಕು. ಎತ್ತರದ ಗೂಡಿನಲ್ಲಿ ಲೋಟ ಇಡುವಂತೆ ಕೈ ಮೇಲೇರಲಿ. ಬಿಟ್ಟ ಚೆಂಡು ಮುಂಗಾಲಿನ ಮುಂದೆ ಬರೆದ ರಂಗೋಲಿ ವೃತ್ತದಲ್ಲಿ ಬೀಳಬೇಕು.

ಮಾತು ಕಡಿಮೆಯಿದ್ದಷ್ಟೂ ಒಳ್ಳೆಯದು. ‘ಮೊಣಕೈ ಮೇಲೆ, ಭುಜ ಪಕ್ಕಕ್ಕೆ, ಕಣ್ಣು ಚೆಂಡಿನ ಮೇಲೆ’ ಎಂದು ಒಂದೇ ಉಸಿರಿಗೆ ಹೇಳಿದರೆ ಎಂಥ ಮಗುವೂ ಗಲಿಬಿಲಿಗೊಳ್ಳುತ್ತದೆ. ‘ಎತ್ತು, ಹೊಡಿ’ ಎರಡೇ ಪದ, ಪ್ರತಿದಿನ ಅವೇ ಪದ. ಪಾದ ಎಲ್ಲಿಡಬೇಕೆಂಬುದನ್ನು ಸೀಮೆಸುಣ್ಣದಲ್ಲಿ ಬರೆದಿಟ್ಟರೆ ಹೇಳುವ ಅಗತ್ಯವೇ ಇಲ್ಲ. ಆಟಿಸಂ ಇರುವ ಅನೇಕ ಮಕ್ಕಳಿಗೆ ಕೆಲಸ ಎಲ್ಲಿ ಮುಗಿಯುತ್ತದೆ ಎಂದು ತಿಳಿದರೆ ನೆಮ್ಮದಿ. ‘ಇನ್ನೂ ಸ್ವಲ್ಪ’ ಎನ್ನುವ ಬದಲು ಬಕೆಟ್ಟಿನಲ್ಲಿ ಎಣಿಸಿ ಐದು ಚೆಂಡು ಇಡಿ. ಬಕೆಟ್ ಬರಿದಾದರೆ ಸರದಿ ಮುಗಿಯಿತು. ಒಂದೆಡೆ ನಿಲ್ಲಲಾಗದ ಚಟುವಟಿಕೆಯ ಹುಡುಗನನ್ನು ಇಪ್ಪತ್ತು ಜನರ ಸಾಲಿನ ಕೊನೆಗೆ ನಿಲ್ಲಿಸುವುದು ತರಬೇತಿಯಲ್ಲ, ಶಿಕ್ಷೆ. ಕಿವಿ ಕೇಳಿಸದ ಮಗುವಿಗೆ ಸೂರ್ಯನತ್ತ ಮುಖಮಾಡಿ ನಿಂತು ಮಾಡಿ ತೋರಿಸಬೇಕು, ಬೆಳಕು ಅದರ ಕಣ್ಣಿಗೆ ಹೊಡೆಯಬಾರದು. ಶ್ರವಣದೋಷವಿರುವ ಕೊರಿಯದ ಲೀ ಡಕ್-ಹೀ 2019ರಲ್ಲಿ ವಿನ್‌ಸ್ಟನ್-ಸೇಲಂನಲ್ಲಿ ಎಟಿಪಿ ಪ್ರಧಾನ ಸುತ್ತಿನ ಪಂದ್ಯವನ್ನೇ ಗೆದ್ದರು. ಅಂಥ ಆಟಗಾರರಲ್ಲಿ ಈ ಸಾಧನೆ ಅವರದೇ ಮೊದಲು.

ಉಪಕರಣ ದುಬಾರಿಯಾಗಬೇಕಿಲ್ಲ. ಮಾಮೂಲು ಚೆಂಡಿಗಿಂತ ಶೇ 75ರಷ್ಟು ನಿಧಾನವಾದ ಕೆಂಪು ಚೆಂಡು ಈಗ ಸಿಗುತ್ತದೆ. ಪೂರ್ಣ ಅಂಕಣ 23.77 ಮೀಟರ್ ಉದ್ದವಾದರೆ ಆ ಚೆಂಡಿನ ಅಂಕಣ 11 ಮೀಟರ್, ನೆಟ್ 80 ಸೆಂಟಿಮೀಟರ್. ಎರಡು ಕಂಬಗಳ ನಡುವೆ ಹಗ್ಗ ಕಟ್ಟಿದರೂ ನಡೆಯುತ್ತದೆ. ಹಿಡಿತ ಸಾಲದ ಮಗು ರ‍್ಯಾಕೆಟ್ಟಿನ ಹಿಡಿಯನ್ನು ಮೇಲಕ್ಕೆ, ಕತ್ತಿನ ಹತ್ತಿರ ಹಿಡಿಯಲಿ, ಭಾರ ಕಡಿಮೆಯಾದಂತೆನಿಸುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಪಾಲಕರು ಮರೆಯಬಾರದು. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕತ್ತಿನ ಮೇಲ್ಭಾಗದ ಎರಡು ಮೂಳೆಗಳ ಕೀಲು ಸಡಿಲವಾಗಿರುವುದುಂಟು. ತಲೆಯೆತ್ತಿ ಹೊಡೆಯುವ ಸರ್ವ್‌ಗೆ ಮುನ್ನ ವೈದ್ಯರನ್ನು ಕೇಳಲೇಬೇಕು.

ಶಾಲೆಯವರು ‘ನಮ್ಮಲ್ಲಿ ಅನುಕೂಲವಿಲ್ಲ’ ಎಂದರೆ? ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಕಾಯ್ದೆಯ 16ನೆಯ ಪ್ರಕರಣ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳಲ್ಲಿ ಈ ಮಕ್ಕಳಿಗೆ ಕ್ರೀಡೆಯ ಅವಕಾಶವೂ ಇತರರಿಗೆ ಸಮನಾಗಿ ಸಿಗಬೇಕೆನ್ನುತ್ತದೆ. ಜಗಳಕ್ಕೆ ಹೋಗಬೇಕಿಲ್ಲ; ಕಾಯ್ದೆಯ ಆ ಪುಟದ ಪ್ರತಿಯೊಂದನ್ನು ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟು ಮಾತನಾಡಿದರಾಯಿತು. ಪೂರ್ಣ ಪಂದ್ಯ ಆಡಲಾಗದ ಮಕ್ಕಳಿಗಾಗಿ ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ ಬಿಡಿ ಹೊಡೆತಗಳ ಸ್ಪರ್ಧೆಯಿದೆ, ಅದರಲ್ಲಿ ಸರ್ವ್ ಕೂಡ ಸೇರಿದೆ ಎಂಬುದನ್ನೂ ತಿಳಿಸಬಹುದು.

ಸಹಪಾಠಿಗಳಿಗೂ ಇಲ್ಲಿ ಕೆಲಸವಿದೆ. ಜಪಾನಿನ ಮಿಯೋಶಿ ತಕೇಯಿ ರೂಪಿಸಿದ ಅಂಧರ ಟೆನಿಸ್‌ನಲ್ಲಿ ಚೆಂಡಿನೊಳಗೆ ಗೆಜ್ಜೆಯಂಥ ಸದ್ದಿರುತ್ತದೆ. ಸರ್ವ್ ಮಾಡುವವರು ‘ರೆಡಿ?’ ಎಂದು ಕೇಳಿ, ಆಚೆಯಿಂದ ‘ಯೆಸ್’ ಬಂದ ಮೇಲೆ ‘ಪ್ಲೇ’ ಎಂದು ಹೊಡೆಯುತ್ತಾರೆ. ಈ ಪದ್ಧತಿಯನ್ನು ಕಣ್ಣಿದ್ದವರ ಅಂಗಳಕ್ಕೂ ತಂದರೆ ಚೆನ್ನ. ಹಗ್ಗದ ಆಚೆ ತರಗತಿಯ ಗೆಳೆಯನೊಬ್ಬ ನಿಲ್ಲಲಿ. ಮಗು ಕೇಳಲಿ, ಗೆಳೆಯ ಉತ್ತರಿಸಲಿ, ಆಮೇಲೆ ಐದು ಚೆಂಡು. ಗೆರೆಯೊಳಗೆ ಬಿದ್ದವೆಷ್ಟು ಎಂದು ಅವನೇ ಗೋಡೆಯ ಮೇಲೆ ಸುಣ್ಣದ ಗೀಟು ಎಳೆಯಲಿ. ಇಬ್ಬರ ಚೀಲವೂ ಅಷ್ಟು ಹೊತ್ತು ಮರದ ಬುಡದಲ್ಲಿರಲಿ.